ಒರೆಸುವ ಮುನ್ನ ಹಚ್ಚಿ

ಶಿರಸಿ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಮೈ ಒಡೆಯುವುದು ಎಂದರೆ ಏನೆಂದು ನಿಜವಾಗಿ ಗೊತ್ತಾದದ್ದು ಕೆಲಸದ ಮೇಲೆ ವಿಜಯಪುರಕ್ಕೆ ಹೋದ ಮೊದಲ ಡಿಸೆಂಬರಿನಲ್ಲಿ. ಮೊಣಕಾಲಿನ ಕೆಳಗೆ ಉಗುರಿನಿಂದ ಗೀಚಿದರೆ ಸ್ಲೇಟಿನ ಮೇಲೆ ಬಳಪ ಎಳೆದಂತೆ ಬಿಳಿ ಗೆರೆ ಮೂಡುತ್ತಿತ್ತು. ನಕ್ಕರೆ ತುಟಿ ಬಿರಿಯುತ್ತಿತ್ತು. ಊರಿನಿಂದ ತಂದಿದ್ದ ಕೊಬ್ಬರಿ ಎಣ್ಣೆ ಬೆಳಿಗ್ಗೆ ಏಳುವಷ್ಟರಲ್ಲಿ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತಿತ್ತು. ಅದನ್ನು ಬಿಸಿಲಿಗಿಟ್ಟು ಕರಗಿಸಿ, ಸಂಜೆ ಕೆಲಸ ಮುಗಿಸಿ ಬಂದ ಮೇಲೆ ಒಣಗಿದ ಕಾಲಿಗೆ ಚೆನ್ನಾಗಿ ತಿಕ್ಕುತ್ತಿದ್ದೆ. ಅರ್ಧ ಗಂಟೆ ಕಾಲು ಮಿಂಚುತ್ತಿತ್ತು. ಮಲಗುವ ಹೊತ್ತಿಗೆ ಮತ್ತೆ ತುರಿಕೆ.

ನಾನಿದ್ದ ಮನೆಯ ಮಾಲೀಕರ ತಾಯಿ ಒಂದು ದಿನ ಇದನ್ನು ನೋಡಿದರು. "ಒಣಾ ಮೈಗೆ ಎಣ್ಣಿ ಹಚ್ಚಿದ್ರ ಏನ್ ಆಗ್ತೈತಿ ತಂಗಿ? ಜಳಕಾ ಮಾಡಿ ಮೈ ಹಸಿ ಇರೂವಾಗ ಹಚ್ಕೋ" ಎಂದು ಹೇಳಿ, ಒಳಗಿನಿಂದ ಒಂದು ಬಟ್ಟಲು ಕುಸುಬಿ ಎಣ್ಣೆ ತಂದುಕೊಟ್ಟರು. ಮರುದಿನ ಹಾಗೇ ಮಾಡಿದೆ. ನಾಲ್ಕು ದಿನಕ್ಕೆ ಬಿಳಿ ಗೆರೆ ಏಳುವುದು ನಿಂತಿತು. ಆಗ ನನಗೆ ನೆನಪಾದದ್ದು ನನ್ನ ಅಜ್ಜಿ. ಮಾಗಿಯ ಚಳಿಯಲ್ಲಿ ರಾತ್ರಿ ಊಟವಾದ ಮೇಲೆ ಮುರುಗಲು ತುಪ್ಪದ ಉಂಡೆ ಹಿಡಿದು ಕೂತು ಆಕೆ ಹೇಳುತ್ತಿದ್ದ ಮಾತೂ ಇದೇ: "ಕಾಲು ತೊಳ್ಕಂಡು ಬಾ ತಂಗಿ, ಒರಸಡ." ಕಾಲು ತೊಳೆದು ಬಾ, ಒರೆಸಬೇಡ. ಆ ತುಪ್ಪ ಬೇರೆ, ಈ ಎಣ್ಣೆ ಬೇರೆ. ಮಲೆನಾಡಿನ ಒಬ್ಬ ಹೆಂಗಸು, ಬಯಲುಸೀಮೆಯ ಒಬ್ಬ ಹೆಂಗಸು, ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರೂ ಮೊದಲು ಹೇಳಿದ್ದು ಏನನ್ನು ಹಚ್ಚಬೇಕು ಎಂದಲ್ಲ, ಯಾವಾಗ ಹಚ್ಚಬೇಕು ಎಂದು.

ಮನೆಯಲ್ಲಿ ಮಾಯಿಶ್ಚರೈಸರ್ ಮಾಡಿಕೊಳ್ಳುವ ಆಸೆ ಈಗ ಬಹಳ ಜನಕ್ಕೆ ಬಂದಿದೆ. ಒಳ್ಳೆಯದೇ. ಆದರೆ ಹೆಚ್ಚಿನವರು ಶುರು ಮಾಡುವುದು ಯಾವ ಎಣ್ಣೆ, ಯಾವ ಸುವಾಸನೆ ಎಂಬಲ್ಲಿಂದ. ಶುರು ಮಾಡಬೇಕಾದ್ದು ನೀರಿನಿಂದ.

1952ರಲ್ಲಿ ಇರ್ವಿನ್ ಬ್ಲ್ಯಾಂಕ್ ಎಂಬ ಅಮೆರಿಕದ ವಿಜ್ಞಾನಿ ಒಂದು ಸರಳ ಪರೀಕ್ಷೆಯ ವಿವರ ಪ್ರಕಟಿಸಿದರು. ಅಂಗಾಲಿನಲ್ಲಿ ದಪ್ಪಗಟ್ಟಿದ ಚರ್ಮದ ತುಣುಕುಗಳನ್ನು ತೆಗೆದುಕೊಂಡು ಒಣಗಿಸಿದರು. ಅವು ಹಪ್ಪಳದ ಹಾಗೆ ಗರಿಗಟ್ಟಿ, ಬಗ್ಗಿಸಿದರೆ ಮುರಿಯುವಂತಾದವು. ಆಮೇಲೆ ಅವುಗಳನ್ನು ಎಣ್ಣೆ ಜಿಡ್ಡುಗಳಲ್ಲಿ ಇಟ್ಟು ನೋಡಿದರು. ಎಷ್ಟು ಹೊತ್ತು ಇಟ್ಟರೂ ಮೆದುವಾಗಲಿಲ್ಲ. ನೀರು ಸಿಕ್ಕ ಕೂಡಲೇ ಮೆದುವಾದವು. ಚರ್ಮದ ಹೊರಪದರದಲ್ಲಿ ನೀರಿನ ಅಂಶ ಶೇಕಡಾ 10ಕ್ಕಿಂತ ಕೆಳಗಿಳಿದರೆ ಅದು ಬಿರುಸಾಗುತ್ತದೆ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಅಲ್ಲಿಂದ. ಒಣಚರ್ಮಕ್ಕೆ ಕೊರತೆಯಾಗಿರುವುದು ಎಣ್ಣೆಯಲ್ಲ, ನೀರು. ಹಾಗಾದರೆ ಎಣ್ಣೆಯ ಕೆಲಸವೇನು? ಅನ್ನದ ಪಾತ್ರೆಯ ಮೇಲಿನ ತಟ್ಟೆಯ ಕೆಲಸ. ಒಳಗಿನ ಹಬೆ ಹೊರಗೆ ಹೋಗದಂತೆ ಮುಚ್ಚುವುದು. ಪಾತ್ರೆಯೊಳಗೆ ನೀರೇ ಇಲ್ಲದಿದ್ದರೆ ತಟ್ಟೆ ಮುಚ್ಚಿ ಫಲವಿಲ್ಲ. ವಿಜಯಪುರದ ಸಂಜೆಗಳಲ್ಲಿ ನಾನು ಮಾಡುತ್ತಿದ್ದ ತಪ್ಪು ಇದೇ.

ಚರ್ಮದ ಈ ಹೊರಪದರ ಬಹಳ ತೆಳು, ಸಾಮಾನ್ಯ ಕಾಗದಕ್ಕಿಂತ ತೆಳು. ಸತ್ತು ಚಪ್ಪಟೆಯಾದ ಜೀವಕೋಶಗಳು ಹತ್ತು-ಇಪ್ಪತ್ತು ಸಾಲು ಒಂದರ ಮೇಲೊಂದು ಕೂತಿರುತ್ತವೆ. ಪೀಟರ್ ಎಲಿಯಾಸ್ ಎಂಬ ಚರ್ಮತಜ್ಞರು ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸಿದರು. ಕೋಶಗಳು ಇಟ್ಟಿಗೆ, ಅವುಗಳ ನಡುವೆ ತುಂಬಿದ ಕೊಬ್ಬು ಗಾರೆ. ಆ ಗಾರೆಯಲ್ಲಿ ಸುಮಾರು ಅರ್ಧದಷ್ಟು ಸೆರಮೈಡ್, ಕಾಲುಭಾಗದಷ್ಟು ಕೊಲೆಸ್ಟ್ರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನಾಮ್ಲಗಳು. ಇಟ್ಟಿಗೆಗಳ ಒಳಗೆ ನೀರನ್ನು ಹಿಡಿದಿಡುವ ಪದಾರ್ಥಗಳಿವೆ: ಅಮೈನೋ ಆಮ್ಲ, ಲ್ಯಾಕ್ಟಿಕ್ ಆಮ್ಲದ ಲವಣ, ಯೂರಿಯಾ. ಗಾರೆ ಗಟ್ಟಿ ಇರುವತನಕ ಒಳಗಿನ ನೀರು ಆವಿಯಾಗಿ ಹೋಗುವುದು ನಿಧಾನ. ಗಾರೆ ಸವೆದಲ್ಲಿ ಬಿರುಕು ಬೀಳುತ್ತದೆ, ಬಿರುಕಿನಿಂದ ನೀರು ಹೋಗುತ್ತದೆ, ನೀರು ಹೋದ ಹಾಗೆ ಬಿರುಕು ಅಗಲವಾಗುತ್ತದೆ.

ಗಾರೆಯನ್ನು ಸವೆಸುವುದರಲ್ಲಿ ನಮ್ಮ ಪಾಲೂ ಇದೆ. ಚಳಿಗಾಲದ ಗಾಳಿಯಲ್ಲಿ ತೇವ ಕಡಿಮೆ. ತಣ್ಣನೆಯ ಗಾಳಿ ಹೆಚ್ಚು ಆವಿಯನ್ನು ಹಿಡಿದಿಡಲಾರದು. ಬೀದರ್, ಕಲಬುರಗಿ, ವಿಜಯಪುರದ ಕಡೆಯ ಬಯಲಿನಲ್ಲಿ ಬೀಸುವ ಒಣಗಾಳಿ ಮೈಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಅದೇ ತಿಂಗಳಲ್ಲಿ ಮಂಗಳೂರಿನಲ್ಲಿ ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಈ ಚಳಿಗೆ ನಾವು ಮಾಡುವ ಉಪಾಯವೇ ಚರ್ಮಕ್ಕೆ ಎರಡನೆಯ ಪೆಟ್ಟು. ಹಂಡೆಯಿಂದ ಹೊಗೆಯಾಡುವ ನೀರು ತೋಡಿ ತೋಡಿ ಹುಯ್ದುಕೊಳ್ಳುವುದು, ಸೋಪನ್ನು ಎರಡು ಸಲ ತಿಕ್ಕುವುದು. ಬಿಸಿನೀರು ಗಾರೆಯ ಕೊಬ್ಬನ್ನು ಸಡಿಲ ಮಾಡುತ್ತದೆ, ಸೋಪು ಅದನ್ನು ಎತ್ತಿಕೊಂಡು ಹೋಗುತ್ತದೆ. ಚರ್ಮದ ಮೇಲ್ಮೈ ತುಸು ಆಮ್ಲೀಯ, ಸುಮಾರು 5 ಪಿಎಚ್. ಮಾಮೂಲಿ ಸ್ನಾನದ ಸೋಪು 9-10ರ ಕ್ಷಾರ. ಕಡಲೆಹಿಟ್ಟು, ಸೀಗೆಪುಡಿ ನೈಸರ್ಗಿಕ ಎಂದು ನಂಬಿ ದಿನಾ ತಿಕ್ಕುವವರಿಗೂ ಒಂದು ಮಾತು ಹೇಳಬೇಕು. ಅವುಗಳ ಕೆಲಸವೂ ಜಿಡ್ಡು ತೆಗೆಯುವುದೇ. ಮೈತುಂಬ ಎಣ್ಣೆ ಹಚ್ಚಿಕೊಂಡ ಹಬ್ಬದ ಅಭ್ಯಂಜನಕ್ಕೆ ಅವು ಸರಿಯಾದ ಜೋಡಿ. ಎಣ್ಣೆಯೇ ಇಲ್ಲದ ಒಣಮೈಗೆ ದಿನಾ ಬೇಕಾಗಿಲ್ಲ.

ಈಗ ಎಣ್ಣೆಯ ವಿಷಯಕ್ಕೆ ಬರುತ್ತೇನೆ. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಲಿನೋಲಿಕ್ ಆಮ್ಲ ಹೆಚ್ಚಿರುವ ಎಣ್ಣೆ ಚರ್ಮದ ಗಾರೆಗೆ ಹೊಂದಿಕೊಳ್ಳುತ್ತದೆ, ಏಕೆಂದರೆ ಸೆರಮೈಡ್ ತಯಾರಿಕೆಗೆ ಚರ್ಮಕ್ಕೆ ಆ ಆಮ್ಲ ಬೇಕು. ಓಲಿಯಿಕ್ ಆಮ್ಲವೇ ಹೆಚ್ಚಿರುವ ಎಣ್ಣೆ ಆ ಗಾರೆಯ ಜೋಡಣೆಯನ್ನು ಕದಡಬಲ್ಲದು. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ದೊಡ್ಡವರ ಮುಂಗೈಗೆ ಆಲಿವ್ ಎಣ್ಣೆಯನ್ನೂ ಸೂರ್ಯಕಾಂತಿ ಎಣ್ಣೆಯನ್ನೂ ಹಚ್ಚಿ ಹೋಲಿಸಿದರು. ಆಲಿವ್ ಎಣ್ಣೆ ಹಚ್ಚಿದ ಜಾಗದಲ್ಲಿ ಹೊರಪದರದ ಗಟ್ಟಿತನ ಕುಂದಿತು. ಸೂರ್ಯಕಾಂತಿ ಹಚ್ಚಿದಲ್ಲಿ ಹಾಗಾಗಲಿಲ್ಲ. ಅಂಗಡಿಯಲ್ಲಿ ದುಬಾರಿ ಬೆಲೆಗೆ ಆಲಿವ್ ಎಣ್ಣೆ ಕೊಂಡು ಕೂಸಿನ ಮೈಗೆ ತಿಕ್ಕುವ ತಾಯಂದಿರು ಇದನ್ನು ತಿಳಿದಿರಬೇಕು.

ನಮ್ಮ ರಾಜ್ಯದಲ್ಲಿ ಸೂರ್ಯಕಾಂತಿಗೆ ಬರವಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿಯ ಹೊಲಗಳಲ್ಲಿ ಬೆಳೆಯುತ್ತದೆ. ಆದರೆ ಲಿನೋಲಿಕ್ ಆಮ್ಲದಲ್ಲಿ ಸೂರ್ಯಕಾಂತಿಯನ್ನೂ ಮೀರಿಸುವುದು ಕುಸುಬೆ. ಸಾಂಪ್ರದಾಯಿಕ ಕುಸುಬೆ ತಳಿಗಳ ಎಣ್ಣೆಯಲ್ಲಿ ಅದು ಶೇಕಡಾ 70ಕ್ಕೂ ಹೆಚ್ಚು. ಕಲಬುರಗಿ, ವಿಜಯಪುರ, ಧಾರವಾಡದ ಎರೆಭೂಮಿಯಲ್ಲಿ ಹಿಂಗಾರಿನ ತೇವದಲ್ಲೇ ಬೆಳೆದು, ಮುಳ್ಳಿನ ಗಿಡದಲ್ಲಿ ಹಳದಿ ಕೇಸರಿ ಹೂ ಬಿಡುವ ಬೆಳೆ ಅದು. ರಾಜ್ಯದಲ್ಲಿ ಮೈ ಅತಿ ಹೆಚ್ಚು ಒಡೆಯುವ ಸೀಮೆಯಲ್ಲೇ, ಮೈ ಒಡೆಯುವ ಕಾಲದಲ್ಲೇ, ಅದಕ್ಕೆ ಒಗ್ಗುವ ಎಣ್ಣೆಯ ಬೆಳೆ ಹೊಲದಲ್ಲಿ ನಿಂತಿರುತ್ತದೆ. ಕುಸುಬೆಯ ಹೊಲಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಗಾಣದ ಕುಸುಬೆ ಎಣ್ಣೆ ಸಿಕ್ಕುವ ಊರಿನಲ್ಲಿ ನೀವಿದ್ದರೆ ಅದನ್ನೇ ಕೊಳ್ಳಿ.

ಕೊಬ್ಬರಿ ಎಣ್ಣೆಯನ್ನು ನಾನು ತೆಗೆದುಹಾಕುತ್ತಿಲ್ಲ. ಅದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. 2004ರಲ್ಲಿ ಫಿಲಿಪ್ಪೀನ್ಸ್‌ನ ವೈದ್ಯರು 34 ಮಂದಿ ಒಣಚರ್ಮದವರ ಮೇಲೆ ಎರಡು ವಾರ ನಡೆಸಿದ ಪರೀಕ್ಷೆಯಲ್ಲಿ ಅದು ಖನಿಜ ತೈಲದಷ್ಟೇ ಚೆನ್ನಾಗಿ ಕೆಲಸ ಮಾಡಿತು. ಮೊಡವೆ ಏಳುವ ಮುಖಕ್ಕೆ ಮಾತ್ರ ಅದು ಬೇಡ. ಕೈಕಾಲಿಗೆ ತೊಂದರೆಯಿಲ್ಲ. ಸಾಸಿವೆ ಎಣ್ಣೆ ನಮ್ಮ ಕಡೆಯ ರೂಢಿಯಲ್ಲ, ಆದರೆ ಉತ್ತರ ಭಾರತದವರನ್ನು ನೋಡಿ ಕೆಲವರು ಹಚ್ಚತೊಡಗಿದ್ದಾರೆ. ಒಣಗಿ ಬಿರಿದ ಚರ್ಮಕ್ಕೆ ಅದು ಉರಿ ತರುತ್ತದೆ, ಬಿಡುವುದೇ ಮೇಲು.

ದ್ರವದ ಎಣ್ಣೆಯೊಂದೇ ಹಚ್ಚಿದರೆ ಹೆಚ್ಚು ಹೊತ್ತು ನಿಲ್ಲದು. ಬಟ್ಟೆಗೆ ಹತ್ತಿ, ಹಾಸಿಗೆಗೆ ಹತ್ತಿ ಹೋಗುತ್ತದೆ. ಮುಚ್ಚಳ ಗಟ್ಟಿಯಾಗಿ ಕೂರಬೇಕಾದರೆ ಘನವಾದ ಒಂದು ಜಿಡ್ಡು ಬೇಕು. ಅಲ್ಲಿಗೆ ನನ್ನ ಅಜ್ಜಿಯ ಉಂಡೆ ಬರುತ್ತದೆ.

ಮುರುಗಲನ್ನು ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುತ್ತಾರೆ, ಕೊಂಕಣಿಗರು ಭಿರಂಡ ಎನ್ನುತ್ತಾರೆ, ಪೇಟೆಯಲ್ಲಿ ಕೋಕಂ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಪಶ್ಚಿಮ ಘಟ್ಟದ ಮರ. ಏಪ್ರಿಲ್-ಮೇ ತಿಂಗಳಲ್ಲಿ ಕೆಂಪಗೆ ಹಣ್ಣಾಗುತ್ತದೆ. ಸಿಪ್ಪೆ ಒಣಗಿಸಿ ಸಾರಿಗೆ, ರಸ ತೆಗೆದು ಶರಬತ್ತಿಗೆ. ಉಳಿದ ಬೀಜವನ್ನು ಈಗ ಹೆಚ್ಚಿನ ಮನೆಗಳಲ್ಲಿ ಗೊಬ್ಬರಗುಂಡಿಗೆ ಸುರಿಯುತ್ತಾರೆ. ಅಜ್ಜಿಯ ಕಾಲದಲ್ಲಿ ಹಾಗಿರಲಿಲ್ಲ. ಬೀಜಕ್ಕಂಟಿದ ಲೋಳೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಮಳೆ ಹಿಡಿಯುವ ಮುನ್ನ ಅಂಗಳದಲ್ಲಿ ಒಣಹಾಕುತ್ತಿದ್ದರು. ಗಲಗಲ ಅನ್ನುವಷ್ಟು ಒಣಗಿದ ಮೇಲೆ ಕುಟ್ಟಿ ಸಿಪ್ಪೆ ಹಾರಿಸಿ, ತಿರುಳನ್ನು ಒರಳಿನಲ್ಲಿ ನುಣ್ಣಗೆ ಮಾಡಿ, ದೊಡ್ಡ ಪಾತ್ರೆಯಲ್ಲಿ ನೀರಿಗೆ ಹಾಕಿ ಕುದಿಸುತ್ತಿದ್ದರು. ಗಂಟೆಗಟ್ಟಲೆ ಕುದಿದ ಮೇಲೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ಸೌಟಿನಿಂದ ತೆಗೆದು ತಣ್ಣೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ. ಕೈಯಲ್ಲಿ ಒತ್ತಿ ಉಂಡೆ ಕಟ್ಟಿ, ಮತ್ತೊಮ್ಮೆ ಕಾಯಿಸಿ ನೀರಿನ ಪಸೆ ಹೋಗಲಾಡಿಸಿ, ಗೆರಟೆಯಲ್ಲಿ ಹುಯ್ದು ಇಡುತ್ತಿದ್ದರು. ಬೂದು ಮಿಶ್ರಿತ ಹಳದಿ ಬಣ್ಣ, ಉಗುರಿನಿಂದ ಕೆರೆದರೆ ಪುಡಿಯಾಗಿ ಬರುವಷ್ಟು ಗಟ್ಟಿ. ಇದರ ತಮ್ಮನಂತಿರುವ ಉಪ್ಪಾಗೆ ಬೀಜದಿಂದಲೂ ತುಪ್ಪ ತೆಗೆದು ಅಡುಗೆಗೆ ಬಳಸುವ ಮನೆಗಳು ಘಟ್ಟದ ಮೇಲೆ ಈಗಲೂ ಇವೆ.

ಮುರುಗಲು ತುಪ್ಪ ಇಷ್ಟು ಗಟ್ಟಿ ಇರುವುದಕ್ಕೆ ಕಾರಣ ಅದರಲ್ಲಿರುವ ಸ್ಟಿಯರಿಕ್ ಆಮ್ಲ, ಅರ್ಧಕ್ಕಿಂತ ಹೆಚ್ಚು. ಕರಗುವುದು ಸುಮಾರು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅಂದರೆ ನಮ್ಮ ಮೈಬಿಸಿಗಿಂತ ತುಸು ಮೇಲೆ. ಅದಕ್ಕೇ ಅಜ್ಜಿ ಉಂಡೆಯನ್ನು ದೀಪದ ಹತ್ತಿರ ಹಿಡಿದು ಬೆಚ್ಚಗೆ ಮಾಡಿ ಹಿಮ್ಮಡಿಗೆ ಒತ್ತುತ್ತಿದ್ದದ್ದು. ಬಿರುಕಿನೊಳಗೆ ಇಳಿದು ಅಲ್ಲೇ ಹೆಪ್ಪುಗಟ್ಟಿ ಕೂರುತ್ತಿತ್ತು, ಬೆಳಗಿನವರೆಗೂ. ಈಗ ಸೌಂದರ್ಯವರ್ಧಕ ತಯಾರಿಸುವ ಕಂಪನಿಗಳು ಇದನ್ನೇ ಶುದ್ಧಮಾಡಿ ವಾಸನೆ ತೆಗೆದು ಕೋಕಂ ಬಟರ್ ಎಂದು ಕೊಳ್ಳುತ್ತವೆ, ಕ್ರೀಮಿನಲ್ಲಿ ಬೆರೆಸುತ್ತವೆ. ನಮ್ಮ ಗೊಬ್ಬರಗುಂಡಿಯ ಬೀಜ ಡಬ್ಬಿಯಲ್ಲಿ ತಿರುಗಿ ನಮ್ಮ ಮನೆಗೆ ಬರುತ್ತದೆ.

ನಾನು ಎಂಟು-ಹತ್ತು ಚಳಿಗಾಲ ಮಾಡಿ ನೋಡಿ ಹದಕ್ಕೆ ತಂದುಕೊಂಡ ಅಳತೆ ಹೀಗಿದೆ. ಕುಸುಬೆ ಅಥವಾ ಸೂರ್ಯಕಾಂತಿ ಎಣ್ಣೆ 70 ಗ್ರಾಂ, ಮುರುಗಲು ತುಪ್ಪ 20 ಗ್ರಾಂ, ಜೇನುಮೇಣ 10 ಗ್ರಾಂ. ಒಟ್ಟು 100 ಗ್ರಾಂ. ಚಮಚದ ಲೆಕ್ಕ ಬೇಡ. ಮೇಣ ಎರಡು ಗ್ರಾಂ ಹೆಚ್ಚುಕಡಿಮೆಯಾದರೂ ಹದ ಕೆಡುತ್ತದೆ, ಅಡುಗೆಮನೆಯ ಸಣ್ಣ ತಕ್ಕಡಿ ಇದ್ದರೆ ಒಳ್ಳೆಯದು. ಮುರುಗಲು ತುಪ್ಪ ಸಿಗದಿದ್ದರೆ ಅದರ ಬದಲು ಕೊಬ್ಬರಿ ಎಣ್ಣೆ 20 ಗ್ರಾಂ ಹಾಕಿ, ಮೇಣವನ್ನು 15 ಗ್ರಾಂಗೆ ಏರಿಸಿ, ದ್ರವದ ಎಣ್ಣೆಯನ್ನು 65 ಗ್ರಾಂಗೆ ಇಳಿಸಿ.

ಜೇನುಮೇಣವನ್ನು ನೋಡಿ ಕೊಳ್ಳಬೇಕು. ಅದರಲ್ಲಿ ಪ್ಯಾರಫಿನ್ ಬೆರೆಸಿ ಮಾರುವವರಿದ್ದಾರೆ. ಒಳ್ಳೆಯ ಮೇಣಕ್ಕೆ ಜೇನಿನ ವಾಸನೆ ಇರುತ್ತದೆ. ಅಂಗೈಯಲ್ಲಿ ಹಿಸುಕುತ್ತಾ ಹೋದರೆ ಪುಡಿಯಾಗದೆ ಮೆತ್ತಗಾಗುತ್ತದೆ. ತುಡುವೆ ಜೇನು ಸಾಕುವವರ ಪರಿಚಯವಿದ್ದರೆ ಹಳೆಯ ಎರಿಗಳನ್ನು ಕೇಳಿ ತನ್ನಿ. ನೀರಿನಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿ ಆರಲು ಬಿಟ್ಟರೆ ಮೇಣ ಮೇಲೆ ಬಿಲ್ಲೆಯಾಗಿ ನಿಲ್ಲುತ್ತದೆ. ಮೇಣದಬತ್ತಿ ಕರಗಿಸಿ ಕೊಬ್ಬರಿ ಎಣ್ಣೆಗೆ ಬೆರೆಸಿ ಹಿಮ್ಮಡಿಗೆ ಹಚ್ಚುವ ರೂಢಿ ಹಳ್ಳಿಗಳಲ್ಲಿ ಇದೆ. ಪ್ಯಾರಫಿನ್ ಕೂಡ ನೀರನ್ನು ತಡೆಯುತ್ತದೆ ನಿಜ. ಆದರೆ ಬತ್ತಿಗೆ ಹಾಕಿದ ಬಣ್ಣ, ಪರಿಮಳ ಚರ್ಮಕ್ಕೆಂದು ಮಾಡಿದ್ದಲ್ಲ.

ಮೇಣವನ್ನು ನೇರ ಬೆಂಕಿಗೆ ಇಡಬೇಡಿ. ಕಾದ ಮೇಣಕ್ಕೆ ಬೆಂಕಿ ಹತ್ತುತ್ತದೆ. ಅಗಲ ಪಾತ್ರೆಯಲ್ಲಿ ಎರಡು ಬೆರಳು ನೀರಿಟ್ಟು, ಉರಿ ಸಣ್ಣ ಮಾಡಿ, ಅದರೊಳಗೆ ಒಣಗಿದ ಸ್ಟೀಲ್ ಬಟ್ಟಲಿಡಿ. ಮೊದಲು ತುರಿದ ಮೇಣ ಮತ್ತು ಎಣ್ಣೆ. ಮೇಣ ಕರಗಲು 62ರಿಂದ 65 ಡಿಗ್ರಿ ಬೇಕು, ಅವಸರ ಮಾಡಬೇಡಿ. ಅದು ಪೂರ್ತಿ ಕರಗಿ ಎಣ್ಣೆ ತಿಳಿಯಾದ ಮೇಲೆ ಒಲೆ ಆರಿಸಿ ಮುರುಗಲು ತುಪ್ಪ ಹಾಕಿ, ಆ ಬಿಸಿಯಲ್ಲೇ ಕರಗುತ್ತದೆ. ಹದ ನೋಡುವುದು ಬೆಲ್ಲದ ಪಾಕ ನೋಡಿದ ಹಾಗೆಯೇ, ಆದರೆ ನೀರಿಗೆ ಬಿಡಬಾರದು. ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ಚಮಚದ ಬೆನ್ನಿನ ಮೇಲೆ ಒಂದು ತೊಟ್ಟು ಬಿಟ್ಟು ಒಂದು ನಿಮಿಷ ಕಾಯಿರಿ. ಬೆರಳಿಗೆ ಬೆಣ್ಣೆಯಂತೆ ಬಂದರೆ ಸರಿ. ಜಾರಿದರೆ ಇನ್ನೊಂದು ಚೂರು ಮೇಣ, ಬಿರುಸಾದರೆ ಇನ್ನಷ್ಟು ಎಣ್ಣೆ. ಕಲಬುರಗಿ ಕಡೆಯವರು ಬೇಸಿಗೆಗೂ ಇಟ್ಟುಕೊಳ್ಳುವುದಾದರೆ ಮೊದಲೇ ಮೇಣವನ್ನು ತುಸು ಹೆಚ್ಚಿಸಬೇಕು.

ಆಮೇಲಿನ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹಾಗೇ ಬಿಟ್ಟು ನಿಧಾನವಾಗಿ ಆರಿದರೆ ಘನಜಿಡ್ಡು ರವೆ ರವೆಯಾಗಿ ಕೂರಬಹುದು, ಊರಿನ ತುಪ್ಪ ಮರಳುಮರಳಾಗುವ ಹಾಗೆ. ತಿನ್ನುವ ತುಪ್ಪಕ್ಕೆ ಮರಳು ಚಂದ, ಹಚ್ಚುವುದಕ್ಕೆ ಅಲ್ಲ. ಬಟ್ಟಲನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು, ನೀರು ಒಳಗೆ ಸಿಡಿಯದಂತೆ, ಅಂಚಿನಲ್ಲಿ ಮಬ್ಬಾಗುವವರೆಗೆ ಕದಡಿ. ಮಬ್ಬಾದ ಕೂಡಲೇ ಕುದಿಸಿ ಒಣಗಿಸಿದ ಅಗಲಬಾಯಿಯ ಡಬ್ಬಿಗೆ ಹುಯ್ಯಿರಿ. ಮುಚ್ಚಳ ಪೂರ್ತಿ ಆರಿದ ಮೇಲೆಯೇ ಹಾಕಿ, ಇಲ್ಲವಾದರೆ ಒಳಗೆ ಬೆವರುತ್ತದೆ. ಡಬ್ಬಿಯ ಮೇಲೆ ತಾರೀಖು ಬರೆದು ಬಿಸಿಲು ಬೀಳದ ಕಡೆ ಇಡಿ. ಲಿನೋಲಿಕ್ ಹೆಚ್ಚಿರುವ ಎಣ್ಣೆ ಚರ್ಮಕ್ಕೆ ಒಳ್ಳೆಯದಾದರೂ ಗಾಳಿಗೆ ಬೇಗ ಕೆಡುತ್ತದೆ. ಮೂರು ತಿಂಗಳೊಳಗೆ ಮುಗಿಸಿ. ಹಳೆಯ ಚಕ್ಕುಲಿ ಡಬ್ಬಿ ತೆಗೆದಾಗ ಬರುವ ಕಮಟು ವಾಸನೆ ಬಂದರೆ ಎಸೆಯಿರಿ. ವಿಟಮಿನ್ ಇ ಮಾತ್ರೆಯೊಂದನ್ನು ಚುಚ್ಚಿ ಬೆರೆಸಿದರೆ ಕಮಟಾಗುವುದು ಸ್ವಲ್ಪ ತಡವಾಗುತ್ತದೆ. ಅದು ಸೂಕ್ಷ್ಮಜೀವಿಗಳನ್ನು ಮಾತ್ರ ತಡೆಯುವುದಿಲ್ಲ.

ಈ ಕಡೆಯ ಮಾತನ್ನು ನಾನು ಬಿಡಿಸಿ ಹೇಳಬೇಕು, ಏಕೆಂದರೆ ಮನೆಯ ಕ್ರೀಮುಗಳಲ್ಲಿ ಹೆಚ್ಚು ಅಪಾಯ ಇರುವುದು ಇಲ್ಲೇ. ಮೇಲಿನ ಅಳತೆಯಲ್ಲಿ ಒಂದು ತೊಟ್ಟೂ ನೀರಿಲ್ಲ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯಲಾರದು. ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಬೇಡ ಎಂದು ಅಮ್ಮ ಗದರುವುದು ಇದೇ ಕಾರಣಕ್ಕೆ. ಆದರೆ ಅಂಗಡಿಯ ಲೋಷನ್ನಿನಂತೆ ಬೆಳ್ಳಗೆ, ಹಗುರವಾಗಿ, ಅಂಟಿಲ್ಲದಂತೆ ಇರಬೇಕೆಂದು ಜನ ಇದಕ್ಕೆ ಗುಲಾಬಿ ನೀರು, ಲೋಳೆಸರದ ತಿರುಳು, ಸೌತೆಕಾಯಿ ರಸ, ಹಾಲಿನ ಕೆನೆ ಬೆರೆಸಿ ಕಡೆಯುತ್ತಾರೆ. ಬೆರೆಯುತ್ತದೆ, ನೋಡಲು ಚಂದವೂ ಆಗುತ್ತದೆ. ಇದು ಹೊಸದೂ ಅಲ್ಲ. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಜೇನುಮೇಣ, ಎಣ್ಣೆ, ನೀರು ಕಡೆದು ಮಾಡಿದ ಲೇಪವೇ ಇಂದಿನ ಕೋಲ್ಡ್ ಕ್ರೀಮಿನ ಮೂಲ. ನಮ್ಮ ಆಯುರ್ವೇದದ ಶತಧೌತ ಘೃತವೂ ಅಂಥದ್ದೇ. ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೂರು ಸಲ ನೀರು ಹಾಕಿ ತಿಕ್ಕಿ ಬಸಿದರೆ ವಾಸನೆ ಕಳೆದುಕೊಂಡು ಬೆಳ್ಳನೆಯ ನೊರೆಬೆಣ್ಣೆಯಂತಾಗುತ್ತದೆ. ಕೈಮುಗಿಯಬೇಕಾದ ಕುಶಲತೆ ಅದು.

ಆದರೆ ನೀರು ಬೆರೆತ ಕ್ಷಣದಿಂದ ಅದು ದೋಸೆಹಿಟ್ಟಿನ ಜಾತಿಗೆ ಸೇರಿತು. ದೋಸೆಹಿಟ್ಟು ಹುಳಿ ಬಂದರೆ ವಾಸನೆ, ಗುಳ್ಳೆ ಕಂಡು ತಿಳಿಯುತ್ತದೆ. ಕ್ರೀಮು ಕೆಟ್ಟದ್ದು ಹಾಗೆ ತಿಳಿಯುವುದಿಲ್ಲ. ನೋಡಲು ಬೆಳ್ಳಗೆ, ಮೂಸಲು ಗುಲಾಬಿ. ಒಳಗೆ ಬ್ಯಾಕ್ಟೀರಿಯಾ, ಬೂಸ್ಟು ಬೆಳೆದಿರಬಹುದು. ಅದನ್ನು ನಾವು ಹಚ್ಚುವುದು ಎಲ್ಲಿಗೆ? ಬಿರುಕು ಬಿಟ್ಟ ಚರ್ಮಕ್ಕೆ, ಬಾಗಿಲು ತೆರೆದಿರುವ ಜಾಗಕ್ಕೆ. ಅಂಗಡಿಯ ಲೋಷನ್ನಿನಲ್ಲಿ ಸಂರಕ್ಷಕ ಹಾಕುವುದು ದುರಾಸೆಯಿಂದಲ್ಲ, ಈ ಕಾರಣದಿಂದ. ಅದನ್ನು ಸರಿಯಾದ ಪ್ರಮಾಣದಲ್ಲಿ ಹಾಕುವ ಅನುಕೂಲ ಮನೆಯಲ್ಲಿಲ್ಲ. ನೀರು ಬೆರೆಸಿದ ಕ್ರೀಮು ಮಾಡಲೇಬೇಕೆಂದರೆ ಆವತ್ತಿಗೆ ಆಗುವಷ್ಟು ಮಾಡಿ, ಆವತ್ತೇ ಮುಗಿಸಿ. ನಾನಂತೂ ಮಾಡುವುದಿಲ್ಲ. ನೀರು ಹೇಗೂ ಸ್ನಾನದ ಮೈಯ ಮೇಲೇ ಇರುವಾಗ ಡಬ್ಬಿಯೊಳಗೆ ಯಾಕೆ ಬೇಕು?

ಸುವಾಸನೆಯ ತೈಲಗಳನ್ನೂ ಬಿಡಿ. ಲ್ಯಾವೆಂಡರ್, ಟೀ ಟ್ರೀ, ದಾಲ್ಚಿನ್ನಿ ಎಣ್ಣೆ ಹಲವರಿಗೆ ಅಲರ್ಜಿ ತರುತ್ತವೆ, ಬಿರಿದ ಚರ್ಮಕ್ಕೆ ಇನ್ನೂ ಬೇಗ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕಪ್ಪು ಕಲೆ, ಕೆಲವೊಮ್ಮೆ ಗುಳ್ಳೆ. ಅಡುಗೆ ಸೋಡಾ ಕ್ಷಾರ, ಸೋಪು ಮಾಡಿದ ಹಾನಿಗೆ ಅದು ಇನ್ನಷ್ಟು ಸೇರಿಸುತ್ತದೆ. ಲೋಳೆಸರದ ಸಿಪ್ಪೆಯಡಿ ಒಸರುವ ಹಳದಿ ರಸ ತುರಿಕೆ ತರಬಲ್ಲದು. ಮಾಡಿದ ಲೇಪವನ್ನೂ ಮೊದಲ ದಿನವೇ ಮೈಗೆಲ್ಲ ಹಚ್ಚಬೇಡಿ. ಮೊಣಕೈಯ ಒಳಮಗ್ಗುಲಿಗೆ ಎರಡು ದಿನ ಹಚ್ಚಿ ನೋಡಿ. ಜೇನುಮೇಣ ಒಗ್ಗದವರೂ ಇದ್ದಾರೆ.

ಗ್ಲಿಸರಿನ್ ಬಗ್ಗೆ ಕೇಳುವವರಿದ್ದಾರೆ. 1779ರಲ್ಲಿ ಸ್ವೀಡನ್ನಿನ ಷೀಲೆ ಎಂಬ ರಸಾಯನಶಾಸ್ತ್ರಜ್ಞ ಆಲಿವ್ ಎಣ್ಣೆಯಿಂದ ಬೇರ್ಪಡಿಸಿದ ಈ ಸಿಹಿ ದ್ರವ ನಮ್ಮಲ್ಲೂ ಮೆಡಿಕಲ್ ಶಾಪಿನ ಪುಟ್ಟ ಬಾಟಲಿಯಲ್ಲಿ ಬಹುಕಾಲದಿಂದ ಮನೆಮನೆಯಲ್ಲಿದೆ. ಅದು ಮುಚ್ಚಳವಲ್ಲ, ನೀರನ್ನು ಹಿಡಿದುಕೊಳ್ಳುವ ಪದಾರ್ಥ. ನೀರು ಬೆರೆಸದೆ ಹಚ್ಚಿದರೆ ಅಂಟು, ಕೆಲವರಿಗೆ ಉರಿ. ಒದ್ದೆ ಅಂಗೈಯಲ್ಲಿ ಎರಡು ತೊಟ್ಟು ಹಾಕಿಕೊಂಡು ಕೈಕಾಲಿಗೆ ಸವರಿ, ಅದರ ಮೇಲೆ ಲೇಪ ಹಚ್ಚಿದರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ವಿಜಯಪುರದಂಥ ಒಣಹವೆಯಲ್ಲಿ ನಾನು ಇದನ್ನು ಬಿಟ್ಟಿರಲಿಲ್ಲ.

ಹಚ್ಚುವ ಕ್ರಮ ಹೀಗೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಮುಗಿಯುವ ಸ್ನಾನ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಟವೆಲಿನಿಂದ ತಿಕ್ಕದೆ ಒತ್ತಿ ಒತ್ತಿ ನೀರು ಇಂಗಿಸಿ, ಚರ್ಮ ಇನ್ನೂ ತಣ್ಣಗೆ ಒದ್ದೆಯಿರುವಾಗಲೇ, ಎರಡು ಮೂರು ನಿಮಿಷದೊಳಗೆ ಲೇಪ ಹಚ್ಚಿ. ಒಂದು ಕೈಗೆ ನೆನೆಸಿದ ಕಡಲೆಕಾಳಿನಷ್ಟು ಸಾಕು. ಎರಡೂ ಅಂಗೈ ತಿಕ್ಕಿ ಬಿಸಿ ಮಾಡಿಕೊಂಡು ರೋಮ ಮಲಗುವ ದಿಕ್ಕಿಗೆ ಸವರಿ. ಡಬ್ಬಿಗೆ ಮಾತ್ರ ಒಣಬೆರಳನ್ನೇ ಹಾಕಬೇಕು, ಅದಕ್ಕೇ ಬಚ್ಚಲಿಗೆ ಹೋಗುವ ಮುನ್ನ ಬೇಕಾದಷ್ಟನ್ನು ಒಂದು ಬಟ್ಟಲಿಗೆ ತೆಗೆದಿಟ್ಟುಕೊಳ್ಳಿ. ಲೇಪ ಹಚ್ಚಿದ ಪಾದದಲ್ಲಿ ನುಣುಪು ನೆಲದ ಮೇಲೆ ನಡೆಯಬೇಡಿ, ವಯಸ್ಸಾದವರು ಜಾರುತ್ತಾರೆ. ಹಾಸಿಗೆಯ ಮೇಲೆ ಕೂತು ಹಚ್ಚಿ, ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಲಿ.

ಮನೆಯಲ್ಲಿ ಮಾಡಿದ್ದೇ ಶ್ರೇಷ್ಠ ಎಂದು ನಾನು ಹೇಳುವುದಿಲ್ಲ. ನೀರು ಆವಿಯಾಗದಂತೆ ತಡೆಯುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಸೋಲಿಸುವ ಎಣ್ಣೆ ಇಲ್ಲ. ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಎಣ್ಣೆಬಾವಿಯ ಪಂಪಿನ ಸರಳುಗಳಿಗೆ ಅಂಟುತ್ತಿದ್ದ ಜಿಡ್ಡಿನಿಂದ ಅದನ್ನು ತಯಾರಿಸಿ 1872ರಲ್ಲಿ ಪೇಟೆಂಟ್ ಪಡೆದ. ಮುರುಗಲು ತುಪ್ಪವೂ ಸಿಗದ, ಮೇಣವೂ ಸಿಗದ ಊರಿನಲ್ಲಿ, ಅಥವಾ ಇದನ್ನೆಲ್ಲ ಮಾಡಲು ಪುರುಸೊತ್ತಿಲ್ಲದ ಮನೆಯಲ್ಲಿ, ಒದ್ದೆ ಕಾಲಿಗೆ ಆ ಜೆಲ್ಲಿ ಹಚ್ಚಿದರೂ ಕೆಲಸ ಆಗುತ್ತದೆ. ಹಿಮ್ಮಡಿಯ ಚರ್ಮ ದಡ್ಡುಗಟ್ಟಿ ಆಳವಾಗಿ ಸೀಳಿದ್ದರೆ ಯೂರಿಯಾ ಇರುವ ಕ್ರೀಮು ಬೇಕಾಗುತ್ತದೆ. ದಡ್ಡನ್ನು ಅದು ಕರಗಿಸುವ ಹಾಗೆ ನಮ್ಮ ಡಬ್ಬಿಯ ಲೇಪ ಕರಗಿಸಲಾರದು.

ಕೆಲವು ಒಣಚರ್ಮ ಚರ್ಮದ ದೋಷವೇ ಅಲ್ಲ. ಥೈರಾಯ್ಡ್ ಕೆಲಸ ಕಡಿಮೆಯಾದಾಗ, ಮೂತ್ರಪಿಂಡ ಸೊರಗಿದಾಗ ಮೈ ಒಣಗಿ ತುರಿಸುತ್ತದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಕಡಿಮೆ ಇರುವುದರಿಂದ ಬಿರುಕು ಹುಣ್ಣಾಗುವವರೆಗೂ ಗೊತ್ತಾಗದೆ ಹೋಗಬಹುದು. ಅವರು ದಿನವೂ ಪಾದವನ್ನು ಕಣ್ಣಾರೆ ನೋಡಿಕೊಳ್ಳಬೇಕು, ಬೆರಳಸಂದಿಗೆ ಯಾವ ಲೇಪವನ್ನೂ ಹಚ್ಚಬಾರದು. ರಕ್ತ ಜಿನುಗುವ ಬಿರುಕು, ನೀರು ಒಸರುವ ಕೆಂಪು ಚಟ್ಟೆ, ನಿದ್ದೆ ಕೆಡಿಸುವ ತುರಿಕೆ, ಮಗುವಿನ ಕೆನ್ನೆ ಮೊಣಕೈ ಸಂದಿಗಳಲ್ಲಿ ಮರಳಿ ಮರಳಿ ಬರುವ ಕಜ್ಜಿ ಇದ್ದರೆ ಮನೆಮದ್ದು ಹುಡುಕುತ್ತಾ ದಿನ ಕಳೆಯದೆ ಚರ್ಮವೈದ್ಯರ ಬಳಿ ಹೋಗಿ.

ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ವಿಜಯಪುರದ ಆ ಮನೆಯವರಿಗೆ ಈಗಲೂ ಪ್ರತಿವರ್ಷ ದೀಪಾವಳಿಯ ಹೊತ್ತಿಗೆ ಒಂದು ಡಬ್ಬಿ ಕಳಿಸುತ್ತೇನೆ. ಅವರದೇ ಊರಿನ ಕುಸುಬಿ ಎಣ್ಣೆ, ನಮ್ಮೂರಿನ ಮುರುಗಲು ತುಪ್ಪ ಸೇರಿದ್ದು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರಲ್ಲಿ ನನ್ನದೊಂದು ಕೋರಿಕೆ ಇದೆ. ಬರುವ ಮೇ ತಿಂಗಳಲ್ಲಿ ಶರಬತ್ತಿಗೆಂದು ಮುರುಗಲು ಹಿಂಡಿದಾಗ ಬೀಜ ಎಸೆಯಬೇಡಿ. ತೊಳೆದು, ಮಳೆಗೆ ಮುನ್ನ ಒಣಗಿಸಿಡಿ. ತುಪ್ಪ ತೆಗೆಯಲು ಬಲ್ಲ ಹಿರಿಯರು ಊರಲ್ಲಿ ಇನ್ನೂ ಒಬ್ಬರಾದರೂ ಇದ್ದರೆ, ಅವರ ಪಕ್ಕದಲ್ಲಿ ಒಂದು ಮಧ್ಯಾಹ್ನ ಕೂತು ಕಲಿತುಕೊಳ್ಳಿ.